ಆಂಟೊನಿ ಗೌಡಿ

ಆಂಟೊನಿ ಗೌಡಿ ಇ ಕೊರ್ನೆಟ್ (25 ಜೂನ್ 1852 – 10 ಜೂನ್ 1926) ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರದೇಶದ ವಾಸ್ತುಶಿಲ್ಪಿ. ಬಾರ್ಸಿಲೋನಾ ನಗರದಲ್ಲಿರುವ ಸಗ್ರಾದಾ ಫಮಿಲಿಯಾ, ಅಂದರೆ ಪವಿತ್ರ ಕುಟುಂಬಕ್ಕೆ ಅರ್ಪಿತವಾದ ಕ್ಯಾಥೋಲಿಕ್ ದೇವಾಲಯ, ಇವರ ಪ್ರಮುಖ ಕೃತಿ. ಇದಕ್ಕಾಗಿ ಅವರು 43 ವರ್ಷ ದುಡಿದರೂ ಅವರ ನಿಧನದ ವೇಳೆಗೆ ಕಟ್ಟಡದ ಸ್ವಲ್ಪ ಭಾಗ ಮಾತ್ರ ಪೂರ್ಣಗೊಂಡಿತ್ತು. ಮುಂದಿನ ಪೀಳಿಗೆಗೆಂದು ಅವರು ಬಿಟ್ಟುಹೋಗಿದ್ದ ನಕ್ಷೆ ಹಾಗೂ ಮಾದರಿಗಳ ಬಹುಪಾಲು 1936ರಲ್ಲಿ ನಾಶವಾಯಿತು. ಉಳಿದುಬಂದ ಕೆಲವು ರೇಖಾಚಿತ್ರಗಳು, ಛಾಯಾಚಿತ್ರಗಳು ಮತ್ತು ಒಡೆದ ಮಾದರಿಗಳ ಆಧಾರದ ಮೇಲೆಯೇ ದೇವಾಲಯದ ನಿರ್ಮಾಣ ಮುಂದುವರಿದಿದೆ.

ಬಾಲ್ಯ ಮತ್ತು ಶಿಕ್ಷಣ

ಗೌಡಿಯವರು ತರ್ರಗೋನಾ ಪ್ರಾಂತ್ಯದವರು. ಅವರ ಜನ್ಮಸ್ಥಳ ರೆಯುಸ್ ಪಟ್ಟಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸಮೀಪದ ರಿಯುದೋಮ್ಸ್ ಗ್ರಾಮವೆಂಬ ಅಭಿಪ್ರಾಯವೂ ಇದೆ. ತಂದೆ ಫ್ರಾನ್ಸೆಸ್ಕ್ ಗೌಡಿ ತಾಮ್ರದ ಪಾತ್ರೆ ಹಾಗೂ ಕಡಾಯಿಗಳನ್ನು ತಯಾರಿಸುವ ಕಸುಬಿನವರು. ತಾಯಿ ಆಂಟೋನಿಯಾ ಕೊರ್ನೆಟ್. ಚಿಕ್ಕಂದಿನಿಂದಲೇ ಸಂಧಿವಾತದಿಂದ ಬಳಲುತ್ತಿದ್ದ ಗೌಡಿಯವರು ರೆಯುಸ್‌ನ ಪಿಯಾರಿಸ್ಟ್ ಪಾದ್ರಿಗಳ ಶಾಲೆಯಲ್ಲಿ ವ್ಯಾಸಂಗ ಮಾಡಿ, ಹೆಚ್ಚಿನ ಶಿಕ್ಷಣಕ್ಕಾಗಿ ಬಾರ್ಸಿಲೋನಾಕ್ಕೆ ಬಂದರು. 1876ರಲ್ಲಿ ಅಣ್ಣ ಮತ್ತು ತಾಯಿ ಇಬ್ಬರೂ ತೀರಿಕೊಂಡರು.

ಬಾರ್ಸಿಲೋನಾದ ವಾಸ್ತುಶಿಲ್ಪ ಶಾಲೆಯಲ್ಲಿ ಓದುತ್ತಿದ್ದಾಗ ಅವರು ಜೀವನೋಪಾಯಕ್ಕಾಗಿ ಹಲವು ವಾಸ್ತುಶಿಲ್ಪಿಗಳ ಬಳಿ ನಕ್ಷೆ ಬರೆಯುವ ಕೆಲಸ ಮಾಡಿದರು. ಅವರಲ್ಲಿ ಜುವಾನ್ ಮಾರ್ತೊರೆಲ್ ಮತ್ತು ಫ್ರಾನ್ಸಿಸ್ಕೊ ದೆ ಪೌಲಾ ದೆಲ್ ವಿಯಾರ್ ಮುಖ್ಯರು. ಸ್ಮಶಾನದ ದ್ವಾರ, ವಿಶ್ವವಿದ್ಯಾಲಯದ ಸಭಾಭವನ ಮುಂತಾದವುಗಳಿಗೆ ಅವರು ವಿದ್ಯಾರ್ಥಿಯಾಗಿ ರಚಿಸಿದ ನಕ್ಷೆಗಳು ಅದೇ ಶಾಲೆಯ ಸಂಗ್ರಹದಲ್ಲಿ ಉಳಿದಿವೆ. ನೆರಳು ಬೆಳಕುಗಳನ್ನು ಸೂಕ್ಷ್ಮವಾಗಿ ತೋರಿಸುವ ಈ ಹಾಳೆಗಳು ಅವರು ನುರಿತ ನಕ್ಷೆಗಾರರಾಗಿದ್ದರು ಎಂಬುದಕ್ಕೆ ಸಾಕ್ಷಿ. 1878ರಲ್ಲಿ ಅವರು ಪದವಿ ಪಡೆದರು. ಅದೇ ವರ್ಷ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲಿ ಅವರು ವಿನ್ಯಾಸಗೊಳಿಸಿದ್ದ ಕೈಗವಸುಗಳ ಗಾಜಿನ ಪೆಟ್ಟಿಗೆಯನ್ನು ಕಂಡು ಉದ್ಯಮಿ ಎಯುಸೆಬಿ ಗ್ವೆಲ್ ಆಕರ್ಷಿತರಾದರು. ಮುಂದೆ ಗ್ವೆಲ್ ಅವರೇ ಗೌಡಿಯವರ ಮುಖ್ಯ ಆಶ್ರಯದಾತರಾದರು.

ಸಗ್ರಾದಾ ಫಮಿಲಿಯಾ

ಪುಸ್ತಕ ವ್ಯಾಪಾರಿ ಜೋಸೆಪ್ ಮರಿಯಾ ಬೊಕಾಬೆಲ್ಲಾ ಸ್ಥಾಪಿಸಿದ ಸಂತ ಜೋಸೆಫರ ಭಕ್ತರ ಸಂಘವು ಕಾಣಿಕೆ ಹಣದಿಂದ ಈ ದೇವಾಲಯವನ್ನು ಕಟ್ಟಲು ಮುಂದಾಯಿತು. 19 ಮಾರ್ಚ್ 1882ರಂದು, ಸಂತ ಜೋಸೆಫರ ಹಬ್ಬದ ದಿನ, ಶಂಕುಸ್ಥಾಪನೆ ನಡೆಯಿತು. ಮೊದಲ ವಾಸ್ತುಶಿಲ್ಪಿ ವಿಯಾರ್ ಅವರು ಭಿನ್ನಾಭಿಪ್ರಾಯದಿಂದ ಹುದ್ದೆ ತೊರೆದ ಮೇಲೆ, 1883ರ ಕೊನೆಯಲ್ಲಿ 31 ವರ್ಷದ ಗೌಡಿಯವರು ಹೊಣೆ ವಹಿಸಿಕೊಂಡರು. ವಿಯಾರ್ ಅವರ ಗೋಥಿಕ್ ಮಾದರಿಯ ಯೋಜನೆಯನ್ನು ಬದಿಗಿರಿಸಿ, 18 ಗೋಪುರಗಳ ಬೃಹತ್ ದೇವಾಲಯವನ್ನು ಅವರು ಕಲ್ಪಿಸಿದರು. ಕ್ರಿಸ್ತಜನನ, ಯಾತನೆ ಮತ್ತು ಮಹಿಮೆ ಎಂಬ ಮೂರು ಮುಂಭಾಗಗಳು ಅದಕ್ಕೆ ಇರಬೇಕಿತ್ತು.

ಆಗ ದೇವಾಲಯದ ಸ್ಥಳವು ಸಾಂತ್ ಮಾರ್ತಿ ದೆ ಪ್ರೊವೆನ್ಸಾಲ್ಸ್ ಎಂಬ ಪ್ರತ್ಯೇಕ ಪುರಸಭೆಗೆ ಸೇರಿತ್ತು. 1885ರಲ್ಲಿ ಗೌಡಿಯವರು ತಮ್ಮ ಸಹಿಯುಳ್ಳ ನಕ್ಷೆಯೊಂದಿಗೆ ಕಟ್ಟಡದ ಪರವಾನಗಿಗೆ ಅರ್ಜಿ ಸಲ್ಲಿಸಿದರು. ಅದಕ್ಕೆ ಉತ್ತರ ಬರಲಿಲ್ಲ. 1897ರಲ್ಲಿ ಆ ಪುರಸಭೆ ಬಾರ್ಸಿಲೋನಾದಲ್ಲಿ ವಿಲೀನವಾಯಿತು. ಕಡತದಲ್ಲಿಯೇ ಉಳಿದ ಆ ನಕ್ಷೆ ಮುಂದೆ ಮಹತ್ವದ ದಾಖಲೆಯಾಯಿತು.

ಇತರ ಧಾರ್ಮಿಕ ಮತ್ತು ಸಾಂಸ್ಥಿಕ ಕಟ್ಟಡಗಳು

1888ರಿಂದ 1890ರ ಅವಧಿಯಲ್ಲಿ ಗೌಡಿಯವರು ಬಾರ್ಸಿಲೋನಾದ ತೆರೇಸಿಯನ್ ಭಗಿನಿಯರ ವಿದ್ಯಾಲಯವನ್ನು ನಿರ್ಮಿಸಿದರು. ಬೇರೊಬ್ಬ ವಾಸ್ತುಶಿಲ್ಪಿ ಆರಂಭಿಸಿದ್ದ ಈ ಕಟ್ಟಡಕ್ಕೆ ಹಣದ ಮಿತಿಯಿತ್ತು. ದುಬಾರಿ ಅಲಂಕಾರದ ಬದಲು ಬಿಳಿ ಬಣ್ಣದ ಎತ್ತರದ ಕಮಾನುಗಳ ಸಾಲಿನಿಂದಲೇ ಮೊಗಸಾಲೆಗಳಿಗೆ ಬೆಳಕು ಮತ್ತು ಗಾಂಭೀರ್ಯ ದೊರಕುವಂತೆ ಮಾಡಿದರು.

ಅಸ್ತೋರ್ಗಾ ನಗರದ ಧರ್ಮಾಧ್ಯಕ್ಷರ ನಿವಾಸದ ಕೆಲಸ 1889ರಲ್ಲಿ ಆರಂಭವಾಯಿತು. ಧರ್ಮಾಧ್ಯಕ್ಷ ಜುವಾನ್ ಬಪ್ತಿಸ್ತಾ ಗ್ರಾವ್ ರೆಯುಸ್‌ನವರಾಗಿದ್ದು ಗೌಡಿಯವರಿಗೆ ಪರಿಚಿತರು. ಗೌಡಿಯವರು ಸ್ಥಳದ ಛಾಯಾಚಿತ್ರಗಳನ್ನು ತರಿಸಿಕೊಂಡು ಮೊದಲ ನಕ್ಷೆಗಳನ್ನು ಸಿದ್ಧಪಡಿಸಿದರು. ಮ್ಯಾಡ್ರಿಡ್‌ನ ಸಾನ್ ಫೆರ್ನಾಂದೊ ಅಕಾಡೆಮಿ ಅವುಗಳಲ್ಲಿ ಬದಲಾವಣೆಗಳನ್ನು ಸೂಚಿಸಿತು. 1893ರಲ್ಲಿ ಗ್ರಾವ್ ನಿಧನರಾದಾಗ ಗೌಡಿಯವರು ಕೆಲಸದಿಂದ ಹಿಂದೆ ಸರಿದರು. ಕಟ್ಟಡವನ್ನು ಮುಂದೆ ಬೇರೆಯವರು ಪೂರ್ಣಗೊಳಿಸಿದರು. ಮೊರಾಕ್ಕೋದ ಟ್ಯಾಂಜಿಯರ್‌ನಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠಕ್ಕಾಗಿ 1892–93ರಲ್ಲಿ ರೂಪಿಸಿದ ಯೋಜನೆ ಕಾರ್ಯಗತವಾಗಲಿಲ್ಲ. ಆದರೆ ಅದರಲ್ಲಿ ಕಲ್ಪಿಸಿದ ನೀಳವಾದ ಬಾಗುಗೋಪುರಗಳ ರೂಪ ಸಗ್ರಾದಾ ಫಮಿಲಿಯಾದ ಗೋಪುರಗಳಲ್ಲಿ ಮರುಜೀವ ಪಡೆಯಿತು.

ಇದೇ ಕಾಲದಲ್ಲಿ ಹಾಗೂ ನಂತರ ಗ್ವೆಲ್ ಅರಮನೆ, ಗ್ವೆಲ್ ಉದ್ಯಾನ, ಕಾಸಾ ಬಾತ್ಲೊ ಮತ್ತು ಕಾಸಾ ಮಿಲಾ ಮುಂತಾದ ಪ್ರಸಿದ್ಧ ಕಟ್ಟಡಗಳನ್ನೂ ಅವರು ರಚಿಸಿದರು. ಮಯೋರ್ಕಾ ದ್ವೀಪದ ಪಾಲ್ಮಾ ಪ್ರಧಾನಾಲಯದ ಜೀರ್ಣೋದ್ಧಾರದಲ್ಲಿಯೂ ತೊಡಗಿದ್ದರು.

ನಕ್ಷೆಯಿಂದ ಮಾದರಿಗೆ

ಗೌಡಿಯವರು ಕ್ರಮೇಣ ಕಾಗದದ ನಕ್ಷೆಗಿಂತ ಮೂರು ಆಯಾಮದ ಮಾದರಿಯನ್ನು ಹೆಚ್ಚು ನೆಚ್ಚಿಕೊಂಡರು. ಗ್ವೆಲ್ ಅವರ ಕಾರ್ಮಿಕ ವಸಾಹತಿನ ಚರ್ಚ್ ಇದಕ್ಕೆ ಉತ್ತಮ ನಿದರ್ಶನ. 1898ರಲ್ಲಿ ಒಪ್ಪಿಕೊಂಡ ಈ ಕೆಲಸಕ್ಕಾಗಿ ಅವರು ಛಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಕಟ್ಟಡದ ಭಾರಕ್ಕೆ ಅನುಪಾತವಾಗಿ ಸೀಸದ ಗುಂಡುಗಳ ಚಿಕ್ಕ ಚೀಲಗಳನ್ನು ಅವಕ್ಕೆ ತೂಗುಹಾಕಿದರು. ತೂಗುವ ದಾರ ಕೇವಲ ಎಳೆತಕ್ಕೆ ಒಳಗಾಗಿರುತ್ತದೆ. ಅದರ ಆಕಾರವನ್ನು ತಲೆಕೆಳಗು ಮಾಡಿದರೆ ಕೇವಲ ಒತ್ತಡವನ್ನು ಹೊರುವ ಕಮಾನು ದೊರೆಯುತ್ತದೆ. ಕಲ್ಲು ಮತ್ತು ಇಟ್ಟಿಗೆ ಒತ್ತಡವನ್ನು ಚೆನ್ನಾಗಿ ತಡೆಯುತ್ತವೆ, ಎಳೆತವನ್ನು ತಡೆಯಲಾರವು. ಆದ್ದರಿಂದ ಈ ವಿಧಾನ ಕಟ್ಟಡಕ್ಕೆ ಅತ್ಯಂತ ಸೂಕ್ತವಾಗಿತ್ತು. ಮಾದರಿಯ ಛಾಯಾಚಿತ್ರಗಳನ್ನು ತಲೆಕೆಳಗಾಗಿ ಹಿಡಿದು, ಅವುಗಳ ಮೇಲೆಯೇ ಬಣ್ಣ ಬಳಿದು ಗೋಡೆ, ಗೋಪುರಗಳನ್ನು ಚಿತ್ರಿಸಿದರು. 1908ರಲ್ಲಿ ಆರಂಭವಾದ ಕಾಮಗಾರಿ 1914ರಲ್ಲಿ ನಿಂತುಹೋಗಿ, ಕೆಳಗಿನ ಪ್ರಾರ್ಥನಾಲಯ ಮಾತ್ರ ಉಳಿಯಿತು.

1914ರ ನಂತರ ಗೌಡಿಯವರು ಸಗ್ರಾದಾ ಫಮಿಲಿಯಾವನ್ನು ಬಿಟ್ಟು ಬೇರೆ ಕೆಲಸ ಒಪ್ಪಿಕೊಳ್ಳಲಿಲ್ಲ. ತಮ್ಮ ಜೀವಿತಾವಧಿಯಲ್ಲಿ ದೇವಾಲಯ ಮುಗಿಯದೆಂದು ಅವರಿಗೆ ತಿಳಿದಿತ್ತು. ಆದ್ದರಿಂದ ಒಳಾಂಗಣವನ್ನು 1:25 ಮತ್ತು 1:10 ಪ್ರಮಾಣದ ಪ್ಲಾಸ್ಟರ್ ಮಾದರಿಗಳಲ್ಲಿ ರೂಪಿಸಿದರು. ಇವುಗಳಲ್ಲಿ ಬಳಸಿದ ಬಾಗಿದ ಮೇಲ್ಮೈಗಳು ನೇರ ರೇಖೆಗಳಿಂದಲೇ ಉಂಟಾಗುವಂಥವು. ಗಣಿತದಲ್ಲಿ ಹೈಪರ್ಬೊಲಾಯ್ಡ್, ಪ್ಯಾರಾಬೊಲಾಯ್ಡ್ ಎಂದು ಕರೆಯುವ ಈ ರೂಪಗಳನ್ನು ಕೆಲವೇ ಅಳತೆಗಳಿಂದ ನಿಖರವಾಗಿ ವಿವರಿಸಬಹುದು.

ಕೊನೆಯ ವರ್ಷಗಳು

ಗೌಡಿಯವರು ಅವಿವಾಹಿತರಾಗಿದ್ದರು. 1906ರಲ್ಲಿ ತಂದೆ, 1912ರಲ್ಲಿ ಜೊತೆಯಲ್ಲಿದ್ದ ಅಕ್ಕನ ಮಗಳು, 1918ರಲ್ಲಿ ಗ್ವೆಲ್ ತೀರಿಕೊಂಡರು. 1911ರಲ್ಲಿ ತೀವ್ರ ಜ್ವರದಿಂದ ಬಳಲಿ ಪುಯಿಗ್ಸೆರ್ದಾ ಪಟ್ಟಣದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಅವರು ಯಾತನೆಯ ಮುಂಭಾಗದ ವಿನ್ಯಾಸವನ್ನು ಚಿಂತಿಸಿದರು. ಕೊನೆಯ ತಿಂಗಳುಗಳಲ್ಲಿ ದೇವಾಲಯದ ಕಾರ್ಯಾಗಾರದಲ್ಲಿಯೇ ವಾಸವಾಗಿದ್ದರು. ಕ್ರಿಸ್ತಜನನದ ಮುಂಭಾಗದ ನಾಲ್ಕು ಗೋಪುರಗಳ ಪೈಕಿ ಸಂತ ಬಾರ್ನಬಾಸ್ ಗೋಪುರವೊಂದೇ ಪೂರ್ಣಗೊಂಡದ್ದನ್ನು ಅವರು ಕಂಡರು.

7 ಜೂನ್ 1926ರಂದು ಪ್ರಾರ್ಥನೆಗೆ ಹೋಗುತ್ತಿದ್ದಾಗ ಟ್ರಾಮ್ ಬಡಿದು ಅವರು ಪ್ರಜ್ಞೆ ತಪ್ಪಿದರು. ಹಳೆಯ ಬಟ್ಟೆ ತೊಟ್ಟಿದ್ದ ಅವರನ್ನು ಜನರು ಗುರುತಿಸಲಿಲ್ಲ. ಬಡವರಿಗೆ ಚಿಕಿತ್ಸೆ ನೀಡುವ ಸಾಂತಾ ಕ್ರೆಯು ಆಸ್ಪತ್ರೆಗೆ ಸೇರಿಸಲಾಯಿತು. ಮೂರು ದಿನಗಳ ಬಳಿಕ ಅಲ್ಲಿಯೇ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಸಗ್ರಾದಾ ಫಮಿಲಿಯಾದ ನೆಲಮಾಳಿಗೆಯಲ್ಲಿ ಸಮಾಧಿ ಮಾಡಲಾಯಿತು.

ನಕ್ಷೆಗಳ ನಾಶ ಮತ್ತು ಉಳಿದ ದಾಖಲೆಗಳು

ಸ್ಪೇನ್‌ನ ಅಂತರ್ಯುದ್ಧ ಆರಂಭವಾದ ಜುಲೈ 1936ರಲ್ಲಿ ಚರ್ಚ್ ವಿರೋಧಿ ಗುಂಪುಗಳು ದೇವಾಲಯಕ್ಕೆ ನುಗ್ಗಿದವು. ನೆಲಮಾಳಿಗೆಗೆ ಬೆಂಕಿ ಹಚ್ಚಲಾಯಿತು. ಕಾರ್ಯಾಗಾರದಲ್ಲಿದ್ದ ನಕ್ಷೆಗಳು, ಛಾಯಾಚಿತ್ರಗಳು ಸುಟ್ಟುಹೋದವು. ಪ್ಲಾಸ್ಟರ್ ಮಾದರಿಗಳು ಚೂರುಚೂರಾದವು. ಯುದ್ಧದ ನಂತರ ವಾಸ್ತುಶಿಲ್ಪಿ ಫ್ರಾನ್ಸೆಸ್ಕ್ ಕಿಂತಾನಾ ಮತ್ತು ಗೌಡಿಯವರ ಇತರ ಸಹೋದ್ಯೋಗಿಗಳು ಆ ಚೂರುಗಳನ್ನು ಹೆಕ್ಕಿ, ಜೋಡಿಸಿ, ಮಾದರಿಗಳನ್ನು ಮತ್ತೆ ರೂಪಿಸತೊಡಗಿದರು. ಬೆಂಕಿಗೆ ಮೊದಲೇ ಪತ್ರಿಕೆ ಹಾಗೂ ಪುಸ್ತಕಗಳಲ್ಲಿ ಅಚ್ಚಾಗಿದ್ದ ಚಿತ್ರಗಳು ಅವರಿಗೆ ನೆರವಾದವು. ದೇವಾಲಯದ ಒಟ್ಟು ನೋಟವನ್ನು ತೋರಿಸುವ, ಗೌಡಿಯವರ ಸಹಾಯಕ ಜುವಾನ್ ರುಬಿಯೊ ಬರೆದ ಚಿತ್ರ 1906ರಲ್ಲಿಯೇ ದಿನಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು. ಯಾತನೆಯ ಮುಂಭಾಗದ ನಿರ್ಮಾಣ 1954ರಲ್ಲಿ ಆರಂಭವಾಯಿತು.

ಸರಳ ಜ್ಯಾಮಿತಿಯ ಬಳಕೆಯೂ ಇಲ್ಲಿ ಉಪಯುಕ್ತವಾಯಿತು. ಒಂದು ಚೂರಿನ ಬಾಗನ್ನು ಅಳೆದು, ಅದು ಸೇರಿದ್ದ ಇಡೀ ಮೇಲ್ಮೈಯನ್ನು ಲೆಕ್ಕಹಾಕಲು ಸಾಧ್ಯವಾಯಿತು. 1979ರಿಂದ ಈ ಕಾರ್ಯದಲ್ಲಿ ತೊಡಗಿದ ವಾಸ್ತುಶಿಲ್ಪಿ ಮಾರ್ಕ್ ಬರಿ ಮುಂದೆ ಕಂಪ್ಯೂಟರ್ ನೆರವಿನಿಂದ ಇದನ್ನು ಬೆಳೆಸಿದರು.

ಆದರೆ ಮೂಲ ನಕ್ಷೆಗಳಿಲ್ಲದೆ ಕಟ್ಟುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿದಿದೆ. 1965ರಲ್ಲಿ ಅನೇಕ ವಾಸ್ತುಶಿಲ್ಪಿಗಳು ಮತ್ತು ಕಲಾವಿದರು ನಿರ್ಮಾಣ ನಿಲ್ಲಿಸಬೇಕೆಂದು ಬಹಿರಂಗ ಪತ್ರ ಬರೆದರು. ಮಹಿಮೆಯ ಮುಂಭಾಗದ ಮೆಟ್ಟಿಲುಗಳಿಗಾಗಿ ಎದುರಿನ ಮನೆಗಳನ್ನು ತೆರವುಗೊಳಿಸಬೇಕಾದೀತೆಂಬ ಆತಂಕ ಅಲ್ಲಿನ ನಿವಾಸಿಗಳಲ್ಲಿದೆ. ಆ ಮೆಟ್ಟಿಲುಗಳು ಗೌಡಿಯವರ ಯೋಜನೆಯ ಭಾಗವೇ ಎಂಬುದೂ ಚರ್ಚೆಯ ವಿಷಯ. ಇನ್ನೊಂದೆಡೆ, 1885ರ ಅರ್ಜಿಯ ಬಳಿಕ ಪರವಾನಗಿಯಿಲ್ಲದೆಯೇ ನಡೆದಿದ್ದ ಕಾಮಗಾರಿಗೆ ಬಾರ್ಸಿಲೋನಾ ನಗರಾಡಳಿತ 2019ರಲ್ಲಿ ಅನುಮತಿ ನೀಡಿತು.

ಮನ್ನಣೆ

ಗೌಡಿಯವರ ಕೃತಿಗಳ ಅಧ್ಯಯನ ಮತ್ತು ದಾಖಲೆಗಳ ಸಂರಕ್ಷಣೆಗಾಗಿ ಬಾರ್ಸಿಲೋನಾದ ವಾಸ್ತುಶಿಲ್ಪ ಶಾಲೆಯಲ್ಲಿ 1956ರಲ್ಲಿ ಗೌಡಿ ಪೀಠ ಸ್ಥಾಪನೆಯಾಯಿತು. 1984ರಲ್ಲಿ ಅವರ ಮೂರು ಕೃತಿಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2005ರಲ್ಲಿ ಆ ಪಟ್ಟಿಗೆ ಇನ್ನೂ ನಾಲ್ಕು ಸೇರಿದವು. ಅವುಗಳಲ್ಲಿ ಸಗ್ರಾದಾ ಫಮಿಲಿಯಾದ ನೆಲಮಾಳಿಗೆ ಹಾಗೂ ಕ್ರಿಸ್ತಜನನದ ಮುಂಭಾಗವೂ ಒಂದು. 7 ನವೆಂಬರ್ 2010ರಂದು ಪೋಪ್ 16ನೇ ಬೆನೆಡಿಕ್ಟ್ ದೇವಾಲಯವನ್ನು ಪ್ರತಿಷ್ಠಾಪಿಸಿ ಬೆಸಿಲಿಕಾ ಎಂದು ಘೋಷಿಸಿದರು. ಏಪ್ರಿಲ್ 2025ರಲ್ಲಿ ಪೋಪ್ ಫ್ರಾನ್ಸಿಸ್ ಗೌಡಿಯವರಿಗೆ ಪೂಜ್ಯರೆಂಬ ಸ್ಥಾನ ನೀಡಿದರು. ಕ್ಯಾಥೋಲಿಕ್ ಚರ್ಚ್‌ನಲ್ಲಿ ಸಂತ ಪದವಿಯೆಡೆಗಿನ ಹಾದಿಯಲ್ಲಿ ಇದೊಂದು ಹಂತ.