ಖಾಲ್ಸಾ ಪಂಥದ ಬೀದರ ಕುಡಿ ಭಾಯಿ ಸಾಹಿಬ್ ಸಿಂಗ್

ಬೀದರ: ಸಿಖ್ಖರು ನಿತ್ಯ ಸ್ಮರಿಸುವ ‘ಪಂಜ್ ಪ್ಯಾರೆ’ ಅಂದರೆ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದವರು ಎಂಬುದು ಸಿಖ್ ಪರಂಪರೆಯ ನಂಬಿಕೆ. ಕ್ಷೌರಿಕ ಕುಟುಂಬದಲ್ಲಿ ಜನಿಸಿದ ಅವರ ಮೊದಲ ಹೆಸರು ಸಾಹಿಬ್ ಚಂದ್. ದೂರದ ಪಂಜಾಬಿನ ಆನಂದಪುರಕ್ಕೆ ತೆರಳಿ ಅವರು ಗುರು ಗೋವಿಂದ ಸಿಂಗರ ಶಿಷ್ಯರಾದರು.

1699ರ ವೈಶಾಖಿಯಂದು ಗುರುಗಳು ತುಂಬಿದ ಸಭೆಯಲ್ಲಿ ಖಡ್ಗ ಹಿಡಿದು, ಧರ್ಮಕ್ಕಾಗಿ ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ಬಂದ ಐವರಲ್ಲಿ ಸಾಹಿಬ್ ಚಂದ್ ಒಬ್ಬರು. ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಗಳ ಉಳಿದ ನಾಲ್ವರ ಜಾತಿ, ಕಸುಬುಗಳು ಬೇರೆ ಬೇರೆ. ಒಂದೇ ಪಾತ್ರೆಯ ಅಮೃತ ಸ್ವೀಕರಿಸಿ ಐವರೂ ‘ಸಿಂಗ್’ ಆದರು. ಬಳಿಕ ಗುರುಗಳೇ ಕೈಜೋಡಿಸಿ ನಿಂತು ಅವರಿಂದ ದೀಕ್ಷೆ ಪಡೆದರು.

ಕತ್ತರಿಸದ ಕೇಶ, ಬಾಚಣಿಗೆ, ಕಡಗ, ಕಚ್ಛ ಹಾಗೂ ಕಿರ್ಪಾಣ ಖಾಲ್ಸಾದ ಐದು ಲಾಂಛನಗಳು. ಕೂದಲು ಕತ್ತರಿಸುವ ಕಸುಬಿನ ಮನೆಯಲ್ಲಿ ಹುಟ್ಟಿದವರು ಕೇಶಧಾರಣೆಯನ್ನೇ ವ್ರತವಾಗಿ ಕೈಗೊಂಡರು. ಹುಟ್ಟಿನ ಕಸುಬು ಮನುಷ್ಯನ ಘನತೆಯನ್ನು ನಿರ್ಧರಿಸದು ಎಂಬುದಕ್ಕೆ ಅವರ ಬದುಕೇ ಸಾಕ್ಷಿಯಾಯಿತು. ಚಮಕೌರ್ ಕದನದಲ್ಲಿ ಮೊಘಲ್ ಸೇನೆಯೊಡನೆ ಹೋರಾಡುತ್ತ ಅವರು ವೀರಮರಣ ಹೊಂದಿದರು.

ಬೀದರದ ಗುರುನಾನಕ ಝೀರಾದಲ್ಲಿ ಜಾತಿ ಕೇಳದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸುವ ಲಂಗರ್, ಸಾಹಿಬ್ ಸಿಂಗ್ ತಲೆಯೊಡ್ಡಿದ ಆ ಸಮಾನತೆಯನ್ನು ಇಂದಿಗೂ ಉಳಿಸಿಕೊಂಡು ಬಂದಿದೆ.