ಖಾನ್‌ದೇಶದ ಹೊಸ ಅಸಿಸ್ಟೆಂಟ್ ಇಂಜಿನಿಯರ್

ಪರ್ಕಳದ ಪೀಜಿಗಳಲ್ಲಿ ಈಗ ಆಫರ್ ಲೆಟರಿನದ್ದೇ ಮಾತು. ಒಬ್ಬರಿಗೆ ಪುಣೆ, ಇನ್ನೊಬ್ಬರಿಗೆ ಹೈದರಾಬಾದ್, ಉಳಿದವರಿಗೆ ಎಂದಿನ ಹಾಗೆ ಬೆಂಗಳೂರು. ಮೊದಲ ದಿನ ಯಾವ ಅಂಗಿ ಹಾಕ್ಬೇಕು ಎಂಬಲ್ಲಿಂದ ಶುರುವಾದ ಚರ್ಚೆ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಮ್ಯಾನೇಜರ್ ಹೇಳಿದ್ದು ತಪ್ಪು ಅಂತ ಕಂಡರೆ ಹೊಸಬರು ಬಾಯಿ ಬಿಡಬೇಕಾ, ಸುಮ್ಮನಿರಬೇಕಾ? ನಮ್ಮ ಕನ್ನಡ ಬಳಗದಲ್ಲಿ ಇದಕ್ಕೆ ಒಮ್ಮತ ಇಲ್ಲ. ಹಾಗಾಗಿ ಈ ಸಲ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಆ ಪ್ರಶ್ನೆ ಇಟ್ಟುಕೊಂಡೇ ಓದಿದೆವು.

ಸೆಪ್ಟೆಂಬರ್ 15 ಬಂದರೆ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಅವರ ಫೋಟೋಗೆ ಹಾರ ಬೀಳುತ್ತದೆ. ಫೋಟೋದಲ್ಲಿರುವುದು ಪೇಟ ತೊಟ್ಟ ಅಜ್ಜ. ಭಾಷಣದಲ್ಲಿ ಬರುವುದು ಕೃಷ್ಣರಾಜಸಾಗರ, ಭದ್ರಾವತಿ ಕಾರ್ಖಾನೆ, ಭಾರತರತ್ನ. ಆದರೆ ಆ ಅಜ್ಜನೂ ಒಮ್ಮೆ ಇಪ್ಪತ್ತೆರಡು ವರ್ಷದ ಹೊಸ ನೌಕರ ಆಗಿದ್ದರಲ್ವಾ? ಅವರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಇನ್ನೊಂದು ಮಾತು: ಅವರ ಕಾಲದಲ್ಲಿ ಉಡುಪಿ ಇದ್ದದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಹಾಗಾಗಿ ನಮ್ಮ ಊರಿಗೆ ಅವರು ದಿವಾನರೇ ಅಲ್ಲ. ಆದರೂ ನಮ್ಮವರು ಅಂತ ಹೇಳುವುದಕ್ಕೆ ಅಡ್ಡಿ ಎಂತ ಇಲ್ಲ.

ಹುಟ್ಟಿದ್ದು 1861ರಲ್ಲಿ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಹುಡುಗ ಹೈಸ್ಕೂಲು ಓದುವ ವಯಸ್ಸಿನಲ್ಲೇ ತೀರಿಕೊಂಡರು. ಆಸರೆಯಾಗಿ ನಿಂತವರು ಬೆಂಗಳೂರಿನ ಸೋದರಮಾವ ರಾಮಯ್ಯ. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೇರೆಯವರ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟು ಖರ್ಚು ತೂಗಿಸಿದರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರ ಎಲ್‌ಸಿಇ ಪರೀಕ್ಷೆಯಲ್ಲಿ ಇಡೀ ಬೊಂಬಾಯಿ ಪ್ರಾಂತ್ಯಕ್ಕೆ ಮೊದಲಿಗರಾದರು. ಹಾಗೆ ಮೊದಲು ಬಂದವರಿಗೆ ಸರಕಾರ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ಕೊಡುತ್ತಿತ್ತು. ಆ ಕಾಲದ ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂದುಕೊಳ್ಳಿ. ಸಂದರ್ಶನ ಇಲ್ಲ, ಗ್ರೂಪ್ ಡಿಸ್ಕಷನ್ ಇಲ್ಲ, ಆದರೆ ಸೀಟು ಒಂದೋ ಎರಡೋ ಅಷ್ಟೆ.

1884ರಲ್ಲಿ ಬೊಂಬಾಯಿ ಲೋಕೋಪಯೋಗಿ ಇಲಾಖೆಗೆ ಸೇರಿದಾಗ ಪೋಸ್ಟಿಂಗ್ ಸಿಕ್ಕಿದ್ದು ನಾಸಿಕಕ್ಕೆ. ಅಲ್ಲಿಂದ ಖಾನ್‌ದೇಶಕ್ಕೆ, ಅಂದರೆ ಈಗಿನ ಧುಳೆ ಕಡೆಗೆ. ಅಲ್ಲಿ ಕೈಗೆ ಬಂದ ಕೆಲಸ ಒಂದು ಪೈಪ್ ಸೈಫನ್ನು.

ಸಿವಿಲ್‌ನವರಿಗೆ ಇದು ಗೊತ್ತು, ಉಳಿದ ಬ್ರಾಂಚಿನವರಿಗಾಗಿ ಸ್ವಲ್ಪ ಹೇಳುತ್ತೇವೆ. ಕಾಲುವೆಗೆ ಅಡ್ಡ ಒಂದು ಹೊಳೆ ಬಂತು ಅನ್ನಿ. ಮೇಲಿಂದ ಸೇತುವೆಯ ಹಾಗೆ ನೀರು ದಾಟಿಸಬಹುದು. ಅದು ಆಗದ ಕಡೆ ಹೊಳೆಯ ತಳದ ಕೆಳಗೆ ಪೈಪು ಹೂತು, ಈಚೆ ದಡದಿಂದ ನೀರು ಇಳಿಸಿ ಆಚೆ ದಡದಲ್ಲಿ ಮೇಲಕ್ಕೆ ಬರಿಸಬೇಕು. ಈಚೆಗಿನ ನೀರಿನ ಮಟ್ಟ ಆಚೆಗಿಂತ ಎತ್ತರ ಇದ್ದರೆ ಸಾಕು, ಪಂಪು ಬೇಡ, ನೀರು ತನ್ನಷ್ಟಕ್ಕೆ ಏರುತ್ತದೆ. ಕಾಗದದ ಮೇಲೆ ಇದು ಹತ್ತು ಮಾರ್ಕಿನ ಪ್ರಶ್ನೆ. ಸೈಟಿನಲ್ಲಿ ಕಥೆಯೇ ಬೇರೆ. ಹೊಳೆಯ ಪಾತ್ರವನ್ನು ಅಗೆಯಬೇಕು, ಪೈಪು ಇಳಿಸಬೇಕು, ಜೋಡಿಸಬೇಕು, ಮುಚ್ಚಬೇಕು, ಎಲ್ಲವೂ ಹೊಳೆ ಸುಮ್ಮನಿರುವಾಗಲೇ ಆಗಬೇಕು.

ಪಾಂಝರಾ ನದಿಯ ಕವಲು ಸುಮ್ಮನಿರಲಿಲ್ಲ. ಮಳೆ ಶುರುವಾಯಿತು. ಜೂನ್ ತಿಂಗಳಲ್ಲಿ ನಮ್ಮ ಸ್ವರ್ಣಾ ನದಿಯ ನಡುವೆ ಹಾರೆ ಪಿಕ್ಕಾಸು ಹಿಡಿದು ನಿಂತಿದ್ದೀರಿ ಅಂತ ಯೋಚನೆ ಮಾಡಿ, ಗೊತ್ತಾಗುತ್ತದೆ. ಇವತ್ತು ಅಗೆದ ಗುಂಡಿಗೆ ನಾಳೆ ಮರಳು ತುಂಬಿರುತ್ತದೆ. ಹೊಸ ಇಂಜಿನಿಯರ್ ತನ್ನ ಮೇಲಿನ ಎಕ್ಸಿಕ್ಯೂಟಿವ್ ಇಂಜಿನಿಯರ್‌ಗೆ ಪತ್ರ ಬರೆದರು. ಕಷ್ಟ ಏನು ಎಂಬುದನ್ನು ತಿಳಿಸಿ, ಮಳೆಗಾಲ ಮುಗಿಯುವವರೆಗೆ ಕೆಲಸ ಮುಂದೂಡಲು ಅನುಮತಿ ಕೇಳಿದರು.

ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ಹೊಸಬರು ಆದೇಶ ಪಾಲಿಸುವುದು ಬಿಟ್ಟು ನೆಪ ಹೇಳುತ್ತಿದ್ದಾರೆ ಎಂಬ ಧಾಟಿಯ ಉತ್ತರ ಬಂತು. ಈಗ ಇದರ ತೂಕ ನೋಡಿ. ಸರ್ವಿಸ್ ಶುರುವಾಗಿ ಇನ್ನೂ ತಿಂಗಳುಗಳು. ಬ್ರಿಟಿಷರ ಇಲಾಖೆ, ಅದರಲ್ಲೊಬ್ಬ ಭಾರತೀಯ ಅಸಿಸ್ಟೆಂಟು. ಸ್ಕಾಲರ್‌ಶಿಪ್ಪಿನಲ್ಲಿ ಓದಿ ಬಂದವರು, ಹಿಂದೆ ಆಸ್ತಿ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಮೇಲಿನವರ ಒಂದು ಕೆಟ್ಟ ವರದಿ ಸಾಕು, ಮುಂದಿನ ದಾರಿಯೇ ಮುಚ್ಚಬಹುದು.

ವಿಶ್ವೇಶ್ವರಯ್ಯ ಕೆಲಸಕ್ಕಿಳಿದರು. ಮಳೆ, ಪ್ರವಾಹಗಳ ನಡುವೆಯೇ ಸೈಫನ್ನು ಮುಗಿಸಿಯೂ ಕೊಟ್ಟರು. ಅದೇ ಮೇಲಧಿಕಾರಿಯ ಅಭಿಪ್ರಾಯ ಬದಲಾಯಿತು. ಇಲಾಖೆಯ ಪರೀಕ್ಷೆಗಳನ್ನೂ ಮರಾಠಿ ಪರೀಕ್ಷೆಯನ್ನೂ ಪಾಸು ಮಾಡಿಕೊಂಡು, ಸೇರಿದ ಎರಡು ವರ್ಷದೊಳಗೇ ಅವರು ಮೇಲಿನ ದರ್ಜೆಗೆ ಏರಿದರು. ಪುಣೆಗೆ ಹೊರಟವರು ಆ ಮರಾಠಿಯ ವಿಷಯ ಸ್ವಲ್ಪ ಗಮನಿಸಿ.

ಬಳಗದಲ್ಲಿ ಜಗಳ ಎದ್ದದ್ದು ಇಲ್ಲಿಯೇ. ಅರ್ಧ ಜನರ ವಾದ: ಪತ್ರ ಬರೆದದ್ದೇ ದಂಡ, ಹೇಗೂ ಮಾಡಲೇಬೇಕಾಯಿತಲ್ಲ, ಸುಮ್ಮನೆ ಶುರು ಮಾಡಿದ್ದರೆ ಬೈಗುಳ ಆದರೂ ತಪ್ಪುತ್ತಿತ್ತು. ಇನ್ನರ್ಧ: ಪತ್ರ ಸರಿ, ಮತ್ತೆ ತಲೆ ಬಾಗಿಸಿದ್ದು ಯಾಕೆ? ನಮಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಅವರು ಹೇಳಿದ ತೊಂದರೆ ನಿಜವಾದದ್ದೇ, ಮಳೆ ಸುಳ್ಳಲ್ಲ. ಅದನ್ನು ಕೆಲಸ ಹಾಳಾಗುವ ಮೊದಲೇ, ಸಂಬಂಧಪಟ್ಟವರಿಗೇ, ಬರಹದಲ್ಲಿ ತಿಳಿಸಿದರು. ತೀರ್ಮಾನ ತಮ್ಮ ವಿರುದ್ಧ ಬಂದ ಮೇಲೆ ಅರೆಮನಸ್ಸಿನಿಂದ ಮಾಡಿ, ಕೆಟ್ಟುಹೋದಾಗ ಆಗಲೇ ಹೇಳಿದ್ದೆನಲ್ಲ ಅಂತ ಕೈ ತೊಳೆದುಕೊಳ್ಳಲಿಲ್ಲ. ನಾವು ಸಾಧಾರಣವಾಗಿ ಮಾಡುವುದು ಇದಕ್ಕೆ ಉಲ್ಟಾ ಮಾರಾಯ್ರೆ: ಮೇಲಿನವರ ಎದುರು ಮೌನ, ಕ್ಯಾಂಟೀನಿನಲ್ಲಿ ಭಾಷಣ.

ಆದರೆ ಮೇಲಧಿಕಾರಿ ಮಾಡಿದ್ದು ಸರಿ ಅಂತ ನಾವು ಹೇಳುವುದಿಲ್ಲ. ನದಿ ಏರುವಾಗ ಅದರೊಳಗೆ ಇಳಿದು ಅಗೆಯುವವರು ಕೂಲಿಯವರು, ಪತ್ರಕ್ಕೆ ಸಹಿ ಹಾಕುವವರಲ್ಲ. ಇವತ್ತಿನ ಸೈಟಿನಲ್ಲಿ ಹಾಗೆ ಮಾಡಿಸಿದರೆ ಅದನ್ನು ಶಿಸ್ತು ಅಂತ ಕರೆಯುವುದು ಕಷ್ಟ.

ಆಮೇಲೆ ಅವರ ಬದುಕಿನ ತುಂಬ ಹೊಸ ಕೆಲಸಗಳೇ. 1894ರ ಸುಮಾರಿಗೆ ಸಿಂಧ್ ಪ್ರಾಂತ್ಯದ ಸಕ್ಕರ್‌ಗೆ ಹೋದರು, ಈಗ ಅದು ಪಾಕಿಸ್ತಾನದಲ್ಲಿದೆ. ಪಟ್ಟಣಕ್ಕೆ ಕುಡಿಯುವ ನೀರು ಕೊಡಬೇಕು. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರೆಲ್ಲ ಕೆಸರು. ಅವರು ನದಿಯ ಪಾತ್ರದಲ್ಲೇ ಬಾವಿ ಇಳಿಸಿದರು. ಮರಳಿನ ಮೂಲಕ ಜಿನುಗಿ ಬಾವಿಗೆ ಬರುವಷ್ಟರಲ್ಲಿ ನೀರು ತಿಳಿಯಾಗುತ್ತಿತ್ತು. ಅದನ್ನು ಗುಡ್ಡದ ಮೇಲಕ್ಕೆ ಪಂಪು ಮಾಡಿ ಊರಿಗೆ ಬಿಟ್ಟರು. ಹೊಳೆಬದಿಯ ಬಾವಿ ನೀರು ಯಾಕೆ ತಿಳಿ ಅಂತ ನಮ್ಮ ಕಡೆಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಅದನ್ನು ಒಂದು ಪಟ್ಟಣದ ಅಳತೆಗೆ ಮಾಡಿ ತೋರಿಸಿದ್ದು ದೊಡ್ಡದು.

ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಅಣೆಕಟ್ಟೆಯ ಗೋಡೆ ಎತ್ತರಿಸದೆ ಎಂಟು ಅಡಿ ಹೆಚ್ಚು ನೀರು ನಿಲ್ಲಿಸುವ ಸ್ವಯಂಚಾಲಿತ ಗೇಟುಗಳು ಬಂದವು. ಅದು 20ನೇ ಶತಮಾನದ ಮೊದಲ ವರ್ಷಗಳ ಮಾತು, ಅದಕ್ಕೆ ಪೇಟೆಂಟೂ ಸಿಕ್ಕಿತು. 1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿನ ನೀರು, ಒಳಚರಂಡಿ ನೋಡಿ ಬಂದರು. ಆದರೆ ಬೊಂಬಾಯಿ ಸರ್ಕಾರದಲ್ಲಿ ಭಾರತೀಯರು ಚೀಫ್ ಇಂಜಿನಿಯರ್ ಆಗುವ ಕಾಲ ಅದಾಗಿರಲಿಲ್ಲ. ಅದು ಗೊತ್ತಾದ ಮೇಲೆ ಅವರು ಅಲ್ಲಿ ಕಾಯುತ್ತಾ ಕೂರಲಿಲ್ಲ, ಅವಧಿಗೆ ಮೊದಲೇ ನಿವೃತ್ತಿ ಕೇಳಿ ಹೊರಬಂದರು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರಕಾರದ ಕರೆ ಬಂದಾಗ ವಿಶ್ವೇಶ್ವರಯ್ಯ ವಿದೇಶ ಪ್ರವಾಸದಲ್ಲಿದ್ದರು. 1909ರಲ್ಲಿ ಅಲ್ಲಿ ಹೋಗಿ ಕೂತವರು ಮೊದಲು ಮಾಡಿದ್ದು ಲೆಕ್ಕ. ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ನೀರು ಹರಿದು ಬಂತು, ಅದನ್ನು ನಗರದ ಮೇಲ್ಭಾಗದಲ್ಲಿ ಎಲ್ಲಿ ತಡೆಯಬಹುದು. ಆ ಲೆಕ್ಕದಿಂದ ಬಂದ ಸಲಹೆಯೇ ಎರಡು ಜಲಾಶಯಗಳು. ಮೂಸಿಗೆ ಉಸ್ಮಾನ್ ಸಾಗರ, ಉಪನದಿ ಈಸಿಗೆ ಹಿಮಾಯತ್ ಸಾಗರ. ಹೈದರಾಬಾದಿಗೆ ಕೆಲಸಕ್ಕೆ ಹೋಗುವವರು ಗಂಡಿಪೇಟೆ ಕೆರೆ ಅಂತ ಪಿಕ್‌ನಿಕ್ಕಿಗೆ ಹೋಗುತ್ತೀರಲ್ಲ, ಅದೇ ಉಸ್ಮಾನ್ ಸಾಗರ.

ಅದೇ ವರ್ಷ ಮೈಸೂರಿನಿಂದ ಚೀಫ್ ಇಂಜಿನಿಯರ್ ಹುದ್ದೆಗೆ ಆಹ್ವಾನ. ಓದಿಸಿದ ಸಂಸ್ಥಾನ, ತಾಯ್ನಾಡು, ತಕ್ಷಣ ಓಡಿ ಬರುತ್ತಾರೆ ಅಂತ ಯಾರೂ ಅಂದುಕೊಂಡಾರು. ಅವರು ಹಾಗೆ ಬರಲಿಲ್ಲ. ತಾಂತ್ರಿಕ ಶಿಕ್ಷಣಕ್ಕೆ, ಕೈಗಾರಿಕೆಗೆ ಸಂಸ್ಥಾನ ಗಮನ ಕೊಡುತ್ತದೆಯೇ ಅಂತ ಮೊದಲು ವಿಚಾರಿಸಿದರು. ಅನುಕೂಲದ ಉತ್ತರ ಬಂದ ಮೇಲೆ ಒಪ್ಪಿದರು. ಕೆಲಸ ಸೇರುವ ಮೊದಲು ಸಂಬಳ ಎಷ್ಟು ಅಂತ ನಾವು ಕೇಳ್ತೇವೆ, ಅಲ್ಲಿ ಮಾಡುವ ಕೆಲಸ ಏನು ಅಂತ ಕೇಳುವವರು ಕಡಿಮೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು, 1912ರಲ್ಲಿ ಅವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಇದೆಲ್ಲ ನೀವು ಶಾಲೆಯಲ್ಲೇ ಓದಿದ್ದೀರಿ.

ಶಾಲೆಯಲ್ಲಿ ಓದದ ಒಂದು ಉಂಟು. 1918ರಲ್ಲಿ ಮತ್ತೆ ಅವರ ಅಭಿಪ್ರಾಯ ಮೇಲಿನವರ ಅಭಿಪ್ರಾಯಕ್ಕೆ ಹೊಂದಲಿಲ್ಲ. ಈ ಸಲ ಮೇಲಿದ್ದವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಹೆಚ್ಚಿಸುವ ವಿಚಾರ ಬಂತು, ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ. ಅವರು ದಿವಾನಗಿರಿ ಬಿಟ್ಟರು. ಇಲ್ಲಿ ಮಹಾರಾಜರೇ ಸರಿ ಎಂದು ನಮ್ಮ ಎಣಿಕೆ. ಓದುವ ಅವಕಾಶವೇ ಸಿಗದವರಿಗೆ ಬರೀ ಅರ್ಹತೆಯ ಮಾತು ಹೇಳಿದರೆ ಹೊಟ್ಟೆ ತುಂಬುವುದಿಲ್ಲ, ಟ್ಯೂಷನ್ ಹೇಳಿಕೊಟ್ಟು ಓದಿದ ಅವರಿಗೇ ಇದು ಹೆಚ್ಚು ಅರ್ಥ ಆಗಬೇಕಿತ್ತು. ಆದರೆ ಖಾನ್‌ದೇಶದಲ್ಲಿ ಪತ್ರ ಬರೆದು ಕೆಲಸಕ್ಕಿಳಿದವರೇ ಇಲ್ಲಿ ಕುರ್ಚಿ ಬಿಟ್ಟು ಎದ್ದರು ಎಂಬುದನ್ನು ಗಮನಿಸಿ. ಮಳೆಯಲ್ಲಿ ಅಗೆಯುವುದು ಅವರಿಗೆ ಕಷ್ಟದ ಕೆಲಸ ಮಾತ್ರ ಆಗಿತ್ತು. ಇದು ಅವರ ಮನಸ್ಸು ಒಪ್ಪದ ಕೆಲಸ. ಎರಡಕ್ಕೂ ಅವರು ಒಂದೇ ಉತ್ತರ ಕೊಡಲಿಲ್ಲ.

ದಿವಾನಗಿರಿ ಬಿಟ್ಟ ಮೇಲೂ ನಾಲ್ಕು ದಶಕಕ್ಕಿಂತ ಹೆಚ್ಚು ಬದುಕಿದರು. ಭದ್ರಾವತಿಯ ಕಾರ್ಖಾನೆಯ ಹೊಣೆ ಹೊತ್ತರು, ಪುಸ್ತಕ ಬರೆದರು, 1955ರಲ್ಲಿ ಭಾರತರತ್ನ ಬಂತು, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದಕ್ಕೆ ಹತ್ತು ವರ್ಷ ಮುಂಚೆ, ತೊಂಬತ್ತು ದಾಟಿದ ಮೇಲೆ, ಅವರಿಗೆ ಇನ್ನೊಂದು ಹೊಸ ಕೆಲಸ ಸಿಕ್ಕಿತ್ತು: ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ಹೇಳುವುದು. ಕೂತಲ್ಲೇ ನಕ್ಷೆ ನೋಡಿ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಜ್ಜ ಬಿಹಾರಕ್ಕೆ ಹೋಗಿ ಜಾಗ ನೋಡಿದರು. ಆಯ್ಕೆಯಾದದ್ದು ಮೊಕಾಮಾ. 1959ರಲ್ಲಿ ಆ ಸೇತುವೆ ತೆರೆದಾಗ ಅವರು ಇನ್ನೂ ಇದ್ದರು.