ಅಪ್ಪನ ಕನಸು ಹೊತ್ತ ಆಟಗಾರ ಪೀಟ್ ಮರಾವಿಚ್

ಗೆಳೆಯರೇ, ಈ ಸಲ ನಮ್ಮ ಗೋಡೆ ಪತ್ರಿಕೆಗೆ ನಾನು ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಮನೆಯ ಕತೆ ಬರೆಯುತ್ತಿದ್ದೇನೆ. ಹೆಸರು ಪೀಟ್ ಮರಾವಿಚ್, ಅಮೆರಿಕದವನು. ತೀರಿಹೋಗಿ ಬಹಳ ವರ್ಷವಾಯಿತು. ದೊಡ್ಡ ಆಟಗಾರ, ಬಹುವಚನದಲ್ಲೇ ಬರೆಯಬೇಕಿತ್ತು. ಆದರೆ ಹೆಚ್ಚಾಗಿ ಅವನು ಹುಡುಗನಾಗಿದ್ದಾಗಿನ ಸಂಗತಿ ಇರುವುದರಿಂದ ಅವನು ಎಂದೇ ಬರೆದಿದ್ದೇನೆ, ಮೇಷ್ಟ್ರು ಕ್ಷಮಿಸಬೇಕು.

ಮೊದಲು ಅವರಪ್ಪನ ವಿಷಯ ಹೇಳಲೇಬೇಕು. ಪೆನ್ಸಿಲ್ವೇನಿಯ ರಾಜ್ಯದಲ್ಲಿ ಅಲಿಕ್ವಿಪ್ಪ ಅಂತ ಒಂದು ಊರು. ಊರೆಲ್ಲ ಉಕ್ಕಿನ ಕಾರ್ಖಾನೆಯನ್ನೇ ನಂಬಿಕೊಂಡಿತ್ತು. ಹೊಟ್ಟೆಪಾಡಿಗಾಗಿ ಯೂರೋಪಿನಿಂದ ಬಂದ ಸೆರ್ಬಿಯ ಜನರೂ ಅಲ್ಲಿದ್ದರು. ಅಂಥ ಒಂದು ಮನೆಯಲ್ಲಿ 1915ರಲ್ಲಿ ಹುಟ್ಟಿದವರು ಪೀಟರ್ ಮರಾವಿಚ್. ಹೌದು, ಅಪ್ಪನ ಹೆಸರೂ ಪೀಟರ್ ಅಂತಲೇ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೀದಿಯಲ್ಲಿ ಪಿಟ್ಸ್‌ಬರ್ಗ್ ಪ್ರೆಸ್ ಅನ್ನೋ ಪೇಪರ್ ಮಾರುತ್ತಿದ್ದರಂತೆ. ಅದರಿಂದ ಪ್ರೆಸ್ ಎಂಬ ಅಡ್ಡಹೆಸರು ಬಂತು, ಕೊನೆಯವರೆಗೂ ಅದೇ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ನಡೆಸಿದರು. ಯುದ್ಧ ಮುಗಿದ ಮೇಲೆ 1946-47ರಲ್ಲಿ ಪಿಟ್ಸ್‌ಬರ್ಗಿನ ಒಂದು ತಂಡದಲ್ಲಿ ಸಂಬಳಕ್ಕೆ ಆಡಿದರು. ಆದರೆ ಆ ತಂಡ ಒಂದೇ ವರ್ಷಕ್ಕೆ ಮುಚ್ಚಿಹೋಯಿತು. ಆಗಲೇ ಅವರಿಗೆ ಮೂವತ್ತು ದಾಟಿತ್ತು. ಮನಸ್ಸಿನ ತುಂಬ ಆಟ, ಆಡುವ ಕಾಲ ಮುಗಿದಿತ್ತು. ಅವರು ಕೋಚ್ ಆದರು.

ಅದೇ 1947ರ ಜೂನ್ 22ರಂದು ಪೀಟ್ ಹುಟ್ಟಿದ. ತಾಯಿ ಹೆಲೆನ್. ಆಕೆಗೆ ಮೊದಲ ಮದುವೆಯ ಒಬ್ಬ ಮಗನೂ ಇದ್ದ.

ಪ್ರೆಸ್ ಮಗನಿಗೆ ಆಟ ಹಚ್ಚಿದ ಉಪಾಯ ನನಗೆ ಬಹಳ ಹಿಡಿಸಿತು. ಬಾ, ಆಡು ಎಂದು ಕರೆಯಲಿಲ್ಲ. ಮಗ ನೋಡುತ್ತಿರುವಾಗ ಹಿತ್ತಲಲ್ಲಿ ತಾವೊಬ್ಬರೇ ಚೆಂಡು ಹಾಕುತ್ತಾ ಇದ್ದರು. ಹುಡುಗ ತಾನೂ ಹಾಕುತ್ತೇನೆ ಎಂದು ಕೇಳಿದರೂ ಕೇಳಿಸದವರ ಹಾಗೆ ಇದ್ದರಂತೆ. ಕೊಡದಿದ್ದರೆ ನಮಗೂ ಆಸೆ ಜಾಸ್ತಿ ಆಗುತ್ತೆ ಅಲ್ವಾ? ಇದನ್ನು ಪೀಟ್ ದೊಡ್ಡವನಾದ ಮೇಲೆ ತಾನೇ ಹೇಳಿಕೊಂಡಿದ್ದಾನೆ.

ಆಮೇಲೆ ಚೆಂಡು ಅವನ ಕೈ ಬಿಡಲೇ ಇಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುತ್ತಲೇ ಓಡಬೇಕು, ಹಿಡಿದುಕೊಂಡು ಓಡಿದರೆ ತಪ್ಪು. ಪೀಟ್ ಸೈಕಲ್ ಮೇಲೆ ಹೋಗುತ್ತಾ ಪುಟಿಸುತ್ತಿದ್ದ. ಸಿನಿಮಾಕ್ಕೆ ಹೋದರೆ ಓಡಾಡುವ ದಾರಿ ಪಕ್ಕದ ಸೀಟು ಹಿಡಿದು ಕತ್ತಲೆಯಲ್ಲೂ ಪುಟಿಸುತ್ತಿದ್ದ. ಅಪ್ಪ ಕಾರು ಓಡಿಸುವಾಗ ಹೊರಕ್ಕೆ ಬಾಗಿ ರಸ್ತೆಯ ಮೇಲೆ ಪುಟಿಸುತ್ತಿದ್ದ, ಅಪ್ಪ ವೇಗ ಹೆಚ್ಚು ಕಡಿಮೆ ಮಾಡುತ್ತಿದ್ದರು. ರಾತ್ರಿ ಮಲಗುವಾಗಲೂ ಚೆಂಡು ಪಕ್ಕದಲ್ಲಿ. ಇದನ್ನು ಬರೆಯುವ ಮುಂಚೆ ನಾನೂ ಕಣ್ಣು ಮುಚ್ಚಿಕೊಂಡು ರಬ್ಬರ್ ಚೆಂಡು ಪುಟಿಸಿ ನೋಡಿದೆ. ಏಳು ಎಣಿಸುವುದರೊಳಗೆ ಚೆಂಡು ಚರಂಡಿಯಲ್ಲಿತ್ತು.

ಚೆನ್ನಾಗಿ ಕಲಿತರೆ ಕಾಲೇಜು ಪುಕ್ಕಟೆ ಸಿಗುತ್ತೆ, ಮುಂದೆ ದೊಡ್ಡ ತಂಡದಲ್ಲಿ ಆಡಬಹುದು, ಗೆದ್ದವರಿಗೆ ಕೊಡುವ ಉಂಗುರವೂ ಸಿಗಬಹುದು ಎಂದು ಅಪ್ಪ ಆಸೆ ಹುಟ್ಟಿಸಿದ್ದರು. ಆ ಉಂಗುರ ನೆನಪಿಟ್ಟುಕೊಳ್ಳಿ.

1966ರಲ್ಲಿ ಪ್ರೆಸ್ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೋದರು. ಅದರ ಹಿಂದಿನ ಸಾಲಿನಲ್ಲಿ ಆ ತಂಡ 26 ಪಂದ್ಯದಲ್ಲಿ ಗೆದ್ದದ್ದು ಬರೀ 6. ಪೀಟ್‌ಗೆ ವೆಸ್ಟ್ ವರ್ಜೀನಿಯದಲ್ಲಿ ಓದುವ ಆಸೆ ಇತ್ತು. ನನ್ನ ತಂಡಕ್ಕೆ ಬರದಿದ್ದರೆ ಮನೆಗೂ ಬರಬೇಡ ಎಂಬಂಥ ಮಾತು ಅಪ್ಪ ಆಡಿದರಂತೆ. ಇಲ್ಲಿ ಮಾತ್ರ ನನಗೆ ಪ್ರೆಸ್ ಮೇಲೆ ಸಿಟ್ಟು ಬಂತು. ಹಿತ್ತಲಲ್ಲಿ ಮಗನೇ ಕೇಳಲಿ ಎಂದು ಕಾದವರು ಇವರೇನಾ ಅನ್ನಿಸಿತು. ಪೀಟ್ ಅಪ್ಪನ ಮಾತೇ ಕೇಳಿದ.

ಮೊದಲ ವರ್ಷದ ವಿದ್ಯಾರ್ಥಿಗಳನ್ನು ಆಗ ಮುಖ್ಯ ತಂಡಕ್ಕೆ ಸೇರಿಸುತ್ತಿರಲಿಲ್ಲ. ಉಳಿದ ಮೂರು ವರ್ಷ, ಅಂದರೆ 1967ರಿಂದ 1970ರವರೆಗೆ, 83 ಪಂದ್ಯಗಳಲ್ಲಿ ಅವನು 3,667 ಅಂಕ ಗಳಿಸಿದ. ಲೆಕ್ಕ ಹಾಕಿದರೆ ಪಂದ್ಯಕ್ಕೆ 44.2. ದೂರದಿಂದ ಹಾಕಿದರೆ ಮೂರು ಅಂಕ ಕೊಡುವ ನಿಯಮ ಆಗ ಇರಲೇ ಇಲ್ಲ. 2023ರಲ್ಲಿ ಒಬ್ಬ ಆಟಗಾರ ಐದು ವರ್ಷ ಆಡಿ 3,664ರವರೆಗೆ ಬಂದ, ಮೂರೇ ಅಂಕ ಕಡಿಮೆ! 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಎಂಬ ಹುಡುಗಿ ಇವನ ಮೊತ್ತ ದಾಟಿದಳು. ನಮ್ಮ ತರಗತಿಯ ಹುಡುಗಿಯರು ಇದನ್ನು ಎರಡು ಸಲ ಓದಬಹುದು.

1970ರಲ್ಲಿ ಅಟ್ಲಾಂಟಾ ತಂಡ ಪೀಟ್‌ನನ್ನು ಸುಮಾರು 19 ಲಕ್ಷ ಡಾಲರಿಗೆ ಸೇರಿಸಿಕೊಂಡಿತು. ಆದರೆ ಮನೆಯಲ್ಲಿ ಒಂದಾದ ಮೇಲೊಂದು ಕಷ್ಟ. 1972ರಲ್ಲಿ ಅಪ್ಪನ ಕೆಲಸ ಹೋಯಿತು. 1974ರಲ್ಲಿ ತಾಯಿ ತೀರಿಕೊಂಡರು. ಆ ವರ್ಷವೇ ನ್ಯೂ ಆರ್ಲಿಯನ್ಸ್ ತಂಡಕ್ಕೆ ಹೋದ ಪೀಟ್ 1977ರಲ್ಲಿ ಒಂದೇ ಪಂದ್ಯದಲ್ಲಿ 68 ಅಂಕ ಹೊಡೆದ. ಮರುವರ್ಷ ಮೊಣಕಾಲಿಗೆ ಏಟು ಬಿತ್ತು, ಆಮೇಲೆ ಮೊದಲಿನ ಆಟ ಬರಲಿಲ್ಲ. ಕೊನೆಗೆ ಬಾಸ್ಟನ್ ತಂಡದಲ್ಲಿದ್ದು 1980ರಲ್ಲಿ ಆಟ ಬಿಟ್ಟ. 1981ರಲ್ಲಿ ಬಾಸ್ಟನ್ ತಂಡವೇ ಗೆದ್ದಿತು! ಉಂಗುರ ಪೀಟ್‌ಗೆ ಸಿಗಲೇ ಇಲ್ಲ.

ಎರಡು ವರ್ಷ ಅವನಿಗೆ ಏನು ಮಾಡಬೇಕೆಂದೇ ತೋಚಲಿಲ್ಲವಂತೆ. ಆಮೇಲೆ ದೇವರ ಕಡೆ ಮನಸ್ಸು ತಿರುಗಿತು, ಅಪ್ಪನೂ ಮತ್ತೆ ಹತ್ತಿರವಾದರು. ಇಬ್ಬರೂ ಸೇರಿ ಶಿಬಿರಗಳಲ್ಲಿ ಮಕ್ಕಳಿಗೆ ಆಟ ಕಲಿಸಿದರು. ಪ್ರೆಸ್‌ಗೆ ಕ್ಯಾನ್ಸರ್ ಬಂದಾಗ ಪೀಟ್ ಆರೈಕೆ ಮಾಡಿದ. 1987ರ ಏಪ್ರಿಲ್‌ನಲ್ಲಿ ಅಪ್ಪ ಹೋದರು. ಮುಂದಿನ ತಿಂಗಳೇ ದೊಡ್ಡ ಆಟಗಾರರ ಹೆಸರು ಇಡುವ ಹಾಲ್ ಆಫ್ ಫೇಮ್‌ಗೆ ಪೀಟ್‌ನ ಹೆಸರು ಸೇರಿತು. ನೋಡಲು ಅವರಿರಲಿಲ್ಲ.

1988ರ ಜನವರಿ 5ರಂದು ಕ್ಯಾಲಿಫೋರ್ನಿಯದ ಪಾಸಡೀನದಲ್ಲಿ ಸುಮ್ಮನೆ ಸ್ನೇಹಿತರ ಜೊತೆ ಆಡುತ್ತಿದ್ದಾಗ ಪೀಟ್ ಕುಸಿದು ಬಿದ್ದು ಸತ್ತ. ವಯಸ್ಸು 40. ಹೃದಯಕ್ಕೆ ರಕ್ತ ಒಯ್ಯುವ ಎಡಗಡೆಯ ರಕ್ತನಾಳ ಅವನಿಗೆ ಹುಟ್ಟಿದಾಗಿನಿಂದಲೇ ಇರಲಿಲ್ಲವೆಂದು ಆಮೇಲೆ ಪರೀಕ್ಷೆ ಮಾಡಿದ ಡಾಕ್ಟರಿಗೆ ಗೊತ್ತಾಯಿತು. ಅಷ್ಟು ವರ್ಷ ಆ ಹೃದಯ ಇಟ್ಟುಕೊಂಡೇ ಓಡಿದ್ದ. ಅಪ್ಪನಿಗೂ ಇದು ಗೊತ್ತಿರಲಿಲ್ಲ.

ಪೀಟ್‌ನ ಗಂಡುಮಕ್ಕಳಿಗೆ ಆಗ 8 ಮತ್ತು 5 ವರ್ಷ. ಅದೇ ವರ್ಷ ಲೂಸಿಯಾನ ವಿಶ್ವವಿದ್ಯಾಲಯದ ಆಟದ ಭವನಕ್ಕೆ ಅವನ ಹೆಸರಿಟ್ಟರು. ಅದು ಪೀಟ್ ಕಾಲೇಜು ಬಿಟ್ಟ ಮೇಲೆ ಕಟ್ಟಿದ್ದು. ಚಿಕ್ಕ ಮಗ ಮುಂದೆ ಅದೇ ವಿಶ್ವವಿದ್ಯಾಲಯ ಸೇರಿ, ಅಪ್ಪನ ಹೆಸರಿನ ಆ ಭವನದಲ್ಲಿ ಆಡಿದ.